ಅಂಗೈಗೆ ಬಿದ್ದ ಸಾರು

ಅಡುಗೆಯ ವಿಷಯಕ್ಕೆ ಬಾಯಿ ಹಾಕಿದವನಿಗೆ ನೆಮ್ಮದಿಯಿಲ್ಲ. ಇಂಥದ್ದು ಏನಾದರೊಂದು ಆಗುತ್ತಲೇ ಇರುತ್ತದೆ. ಈ ಸುದ್ದಿಯನ್ನು ನನಗೆ ಮೊದಲು ಮುಟ್ಟಿಸಿದವರು ಚಾಮರಾಜಪೇಟೆಯ ನಮ್ಮ ಬೀದಿಯ ಪುರೋಹಿತರು. ಹಾಲಿನ ಬೂತಿನ ಮುಂದೆ ಪಕ್ಕಕ್ಕೆ ಕರೆದು, "ಟೀವಿಯ ಅಡುಗೆ ಸರಣೀಲಿ ನಮ್ಮ ಭಟ್ಟರು ನೈವೇದ್ಯಕ್ಕೆ ಮುಂಚೆ ಸಾರಿನ ರುಚಿ ನೋಡಿದಾರಂತೆ. ವಿಮರ್ಶೆ ಬರೀತಿರೋರು ನೀವು, ನೋಡಿ ಹೇಳಿ. ನಿಜವಾದ್ರೆ ರಾಮನವಮಿ ಅಡುಗೆ ಬೇರೆಯವರಿಗೆ ಕೊಡಬೇಕಾಗತ್ತೆ" ಅಂದರು.

ಭಟ್ಟರು ಕಣ್ಣಳತೆಯಲ್ಲೇ ಉಪ್ಪು ಹಾಕುವವರು. ದೇವರಿಗಿಂತ ಮೊದಲು ನಾಲಿಗೆಗೆ ಮುಟ್ಟಿಸಿದರು ಎಂದಾದರೆ ಅವರನ್ನು ಮತ್ತೆ ಯಾರು ಕರೆಯುತ್ತಾರೆ? ಒಬ್ಬರ ಅನ್ನ ನನ್ನ ಒಂದು ವಾಕ್ಯದ ಮೇಲೆ ನಿಂತಿತು.

ನನ್ನ ಅರ್ಹತೆ

ನಾನು ಹಳ್ಳಿ ಶಾಲೆಯಲ್ಲಿ ಓದಿದವನು. ವಿಮರ್ಶೆ ನನ್ನ ದಾರಿಯಲ್ಲ. ಬಡಾವಣೆ ಸಂಘದ ಮಾಸಪತ್ರಿಕೆಗೆ ಆ ಸಾಕ್ಷ್ಯಚಿತ್ರ ಸರಣಿಯ ಬಗ್ಗೆ ಬರೆಯಲೇಬೇಕೆಂದು ಕಾರ್ಯದರ್ಶಿಗಳು ಹಟ ಹಿಡಿದಿದ್ದರು.

"ನನಗೇನು ಅರ್ಹತೆ ಸ್ವಾಮಿ?"

"ನಿಮ್ಮನ್ನ ಪಂಕ್ತಿಯಲ್ಲಿ ನೋಡಿದೀನಿ ರಾಯರೇ. ಸಾಕು."

ಪಿಟೀಲು

ಪುರೋಹಿತರು ಹೇಳಿದ ದಿನವೇ ಮನೆಯಾಕೆಯೊಂದಿಗೆ ನೋಡಲು ಕೂತೆ. ಸಾಸಿವೆ ಸಿಡಿಯುವುದನ್ನು ನಿಧಾನವಾಗಿ, ಬಹಳ ನಿಧಾನವಾಗಿ ತೋರಿಸುತ್ತಿದ್ದರು. "ಒಗ್ಗರಣೆ ಸೀದುಹೋಗತ್ತೆ, ಯಾರಾದ್ರೂ ಒಲೆ ಆರಿಸ್ಬಾರ್ದಾ" ಎಂದು ಅವಳು ಎದ್ದೇಬಿಟ್ಟಳು.

"ಅಡುಗೆಮನೇಲಿ ಪಿಟೀಲು ಯಾಕ್ರೀ?"

"ಭಾವ ಬರಲಿ ಅಂತ."

"ಇಷ್ಟು ವರ್ಷ ಭಾವ ಇಲ್ದೇ ಬಡಿಸಿದೀನಿ, ಎರಡೆರಡು ಸಲ ಹಾಕಿಸ್ಕೊಂಡಿದೀರಿ."

ಅಷ್ಟರಲ್ಲಿ ಭಟ್ಟರು ಬಂದರು. ಸೌಟಿನಿಂದ ಅಂಗೈಗೆ ಸುರಿದುಕೊಂಡರು, ಹೀರಿದರು, ಕಣ್ಣು ಮುಚ್ಚಿದರು. ಹಿಂದಕ್ಕೆ ತಿರುಗಿಸಿ ತಿರುಗಿಸಿ ನೋಡಿದೆ. ಪ್ರತಿ ಸಲವೂ ಹೀರಿದರು.

ಭಕ್ತಿ

ಮರುದಿನ ರಾಮನಾಮ ಹೇಳಿಕೊಳ್ಳುತ್ತಾ ಭಟ್ಟರ ಮನೆಗೆ ಹೋದೆ. "ಏನಂತ ಬರೀಲಿ ಭಟ್ರೇ?"

"ಆ ನಿರ್ದೇಶಕಿ, ರುಚಿ ನೋಡಿ ಖುಷಿಪಡಿ ಅಂದ್ರು. ನೈವೇದ್ಯ ಆಗಿಲ್ಲಮ್ಮ, ಸಾಧ್ಯವಿಲ್ಲ ಅಂದೆ. ಬಿಡಲಿಲ್ಲ. ಬೇರೆ ಸೌಟಿಗೆ ಅವರ ಫ್ಲಾಸ್ಕಿನ ಕಾಫಿ ಹಾಕಿಸ್ಕೊಂಡೆ."

"ಮತ್ತೆ ಆ ಮುಖ? ಅದರಲ್ಲಿ ಭಕ್ತಿ ಕಂಡೆ ಅಂತ ಬರೆದಿಟ್ಟಿದೀನಿ."

"ಬೆಳಗ್ಗಿಂದ ಒಂದು ತೊಟ್ಟು ಕಾಫಿ ಕೊಟ್ಟಿರಲಿಲ್ಲ ರಾಯರೇ."

ಸಾರಲ್ಲ, ಸರಿ. ಆದರೂ ನೈವೇದ್ಯಕ್ಕೆ ಮುಂಚೆ ಬಾಯಿಗೆ ಏನೋ ಹೋಯಿತಲ್ಲ. ಅಂಜುತ್ತಲೇ ಪುರೋಹಿತರಿಗೆ ಒಪ್ಪಿಸಿದೆ. ಅವರು ಕಣ್ಣು ಮುಚ್ಚಿದರು. ಶಾಸ್ತ್ರವನ್ನೆಲ್ಲ ಒಂದು ಸುತ್ತು ಹಾಕಿ ಬಂದವರಂತೆ ಬಹಳ ಹೊತ್ತಿನ ಮೇಲೆ ತೆರೆದರು.

"ಕಾಫಿ ತಾನೇ? ಅದಕ್ಕೆಲ್ಲಿಯ ದೋಷ. ಅದು ಒಳಗೆ ಹೋಗದೆ ನನಗೆ ಸಂಕಲ್ಪವೇ ಬಾಯಿಗೆ ಬರಲ್ಲ. ರಾಮನವಮಿ ಅಡುಗೆ ಭಟ್ಟರದ್ದೇ."

ಮಲ್ಲೇಶ್ವರ, ಬಸವನಗುಡಿಯವರೂ ಸರಣಿ ನೋಡಿದ್ದಾರೆ. ಭಟ್ಟರಿಗೆ ಅಲ್ಲೂ ಮದುವೆ ಅಡುಗೆಗಳಿವೆ. ಇದನ್ನು ಓದಿದವರು ದಯವಿಟ್ಟು ಆ ಕಡೆಯ ನಾಲ್ಕು ಜನರ ಕಿವಿಗೆ ಹಾಕಿ: ಸೌಟಿನಲ್ಲಿದ್ದದ್ದು ಕಾಫಿ.