ಸಾಹುಕಾರನ ಪಥ್ಯ

ಒಂದು ತಿಂಗಳೊಳಗೆ ನಮ್ಮ ಬೆಕ್ಕಿನ ಮೈಯಿಂದ ಅರ್ಧ ಕಿಲೋ ಇಳಿಸದಿದ್ದರೆ ನನ್ನ ಅಂಗಡಿಯ ಬೋರ್ಡು ಕಿತ್ತು ಹಾಕುತ್ತೇನೆ ಎಂದು ನಾನು ಶಪಥ ಮಾಡಿದ್ದು ಪ್ರಾಣಿವೈದ್ಯರ ಕ್ಲಿನಿಕ್ಕಿನಲ್ಲಿ. ಎರಡು ನಾಯಿಗಳೂ ಒಂದು ಗಿಳಿಯೂ ಅದಕ್ಕೆ ಸಾಕ್ಷಿ.

ಬೆಕ್ಕಿನ ಹೆಸರು ಸಾಹುಕಾರ. ಹೊಟ್ಟೆ ನೋಡಿ ಇಟ್ಟ ಹೆಸರು. ಏಳು ಕಿಲೋ ನೂರು ಗ್ರಾಂ ತೂಗುತ್ತಿದ್ದ. ಅತ್ತೆಯವರು ದಿನವಿಡೀ ಕೂರುವ ಕಿಟಕಿಯ ಕಟ್ಟೆಗೆ ಮೊದಲೆಲ್ಲ ಒಂದೇ ನೆಗೆತಕ್ಕೆ ಹಾರುತ್ತಿದ್ದವನು, ಈಗ ಕೆಳಗೆ ಕೂತು ಯಾರಾದರೂ ಎತ್ತಿ ಕೂರಿಸಲಿ ಎಂದು ಕಾಯುತ್ತಿದ್ದ.

"ಹೀಗೇ ಬಿಟ್ರೆ ಸಕ್ಕರೆ ಕಾಯಿಲೆ ಗ್ಯಾರಂಟಿ. ಕೀಲುಗಳೂ ಕೈ ಕೊಡುತ್ವೆ," ಎಂದರು ಡಾಕ್ಟರಮ್ಮ. "ಕೆನೆ, ಚೀಸು, ಬೆಣ್ಣೆ ಬಿಸ್ಕತ್ತು ಎಲ್ಲಾ ಬಂದ್. ಬೇಯಿಸಿದ ಕೋಳಿ, ಕುಂಬಳಕಾಯಿ, ಅದೂ ಅಳತೆ ಮಾಡಿ."

"ಅಳತೆ ವಿಷಯ ನನಗೆ ಬಿಡಿ ಡಾಕ್ಟ್ರೇ. ಇಪ್ಪತ್ತೆರಡು ವರ್ಷದಿಂದ ತೂಕ ಏರಿಸೋದು ಇಳಿಸೋದೇ ನನ್ನ ಕಸುಬು."

ಹೆಂಡತಿ ನನ್ನ ತೋಳು ಚಿವುಟಿದಳು. "ರೀ, ಹಾಗೆಲ್ಲ ಹೇಳ್ಬೇಡಿ. ಯಾರಾದ್ರೂ ಕೇಳಿಸ್ಕೊಂಡ್ರೆ ಅಂಗಡಿ ಮುಚ್ಚಿಸ್ತಾರೆ."

ನಾನು ತಕ್ಕಡಿ ರಿಪೇರಿಯವನು. ಊರಿನ ಅಂಗಡಿಗಳ ತೂಕದ ಯಂತ್ರಗಳೆಲ್ಲ ವರ್ಷಕ್ಕೊಮ್ಮೆಯಾದರೂ ನನ್ನ ಮೇಜಿನ ಮೇಲೆ ಮಲಗಿ ಎದ್ದು ಹೋಗುತ್ತವೆ. ಆ ಮೇಜಿನ ಹಿಂದಿನ ಗೋಡೆಗೆ ಕೆಂಪು ಬಣ್ಣದಲ್ಲಿ ನಾನೇ ಬರೆದಿದ್ದೇನೆ: 'ಮೊದಲು ಖಾಲಿ ಪಾತ್ರೆ ತೂಗಿ. ಪ್ರತಿ ಸಲವೂ ತೂಗಿ.' ಜೇನು ಮಾರುವವನೊಬ್ಬ ತನ್ನ ಡಬ್ಬದ ತೂಕವನ್ನು ವರ್ಷದ ಹಿಂದೆ ಒಮ್ಮೆ ನೋಡಿಕೊಂಡಿದ್ದೇನೆ, ಸಾಕು ಎಂದಿದ್ದಕ್ಕೆ, ಡಬ್ಬದ ತಳಕ್ಕೆ ಅಂಟಿಕೊಂಡ ಮೇಣ ಯಾರ ಲೆಕ್ಕಕ್ಕೆ ಎಂದು ಅವನಿಗೆ ಒಂದು ಗಂಟೆ ಪಾಠ ಮಾಡಿದ್ದೆ. ಆ ಪಾಠವನ್ನು ಮನೆಯಲ್ಲಿ ಊಟಕ್ಕೆ ಕೂತಾಗ ಎಷ್ಟು ಸಲ ಹೇಳಿದ್ದೇನೆಂದರೆ, ಅತ್ತೆಯವರಿಗೆ ಅದು ಬಾಯಿಪಾಠ.

ಪಥ್ಯದ ಮೊದಲ ದಿನ. ಅರವತ್ತು ಗ್ರಾಂ ಕೋಳಿ, ಇಪ್ಪತ್ತು ಗ್ರಾಂ ಕುಂಬಳಕಾಯಿ, ಒಂದು ಗ್ರಾಂ ಹೆಚ್ಚಿಲ್ಲ, ಕಡಿಮೆಯಿಲ್ಲ. ತಟ್ಟೆಯನ್ನು ಸಾಹುಕಾರನ ಸನ್ನಿಧಿಯಲ್ಲಿ ಸಮರ್ಪಿಸಿದೆ. ಅವನು ಮೂಸಿದ. ನನ್ನ ಮುಖ ನೋಡಿದ. ಆಮೇಲೆ ಮುಂಗಾಲಿನಿಂದ ತಟ್ಟೆಯ ಸುತ್ತ ನೆಲವನ್ನು ಪರಪರ ಕೆರೆಯತೊಡಗಿದ.

"ಏನು ಮಾಡ್ತಿದಾನೆ ಇವನು?"

"ನಿಮ್ಮ ಅಡುಗೆಗೆ ಮಣ್ಣು ಮುಚ್ತಿದಾನೆ," ಎಂದಳು ಹೆಂಡತಿ. "ನಾನೂ ಹಾಗೆ ಮಾಡ್ಬೇಕು ಅಂದ್ಕೊಂಡಿದ್ದೆ, ಮರ್ಯಾದೆಗೆ ಸುಮ್ಮನಿದ್ದೆ."

ನಾನು ಸೋಲುವವನೇ? ಚಮಚದಲ್ಲಿ ಹಿಡಿದು ರೈಲು ಬಿಟ್ಟೆ. ನೆಲದ ಮೇಲೆ ಮೊಣಕಾಲೂರಿ, ಒಂದು ತುತ್ತು ನಾನೇ ಬಾಯಿಗೆ ಹಾಕಿಕೊಂಡು ಆಹಾ ಎಂದೆ. ಉಪ್ಪಿಲ್ಲದ ಆ ಕುಂಬಳಕಾಯಿ ಗಂಟಲಲ್ಲೇ ಕೂತು ಯೋಚನೆ ಮಾಡಿತು. ಸಾಹುಕಾರ ನನ್ನನ್ನು ಕನಿಕರದಿಂದ ನೋಡಿ ಸೋಫಾದ ಕೆಳಗೆ ಹೋದ.

ಎರಡು ಹೊತ್ತು ಉಪವಾಸ ನಡೆಯಿತು. ಮೂರನೆಯ ಹೊತ್ತು ಅತ್ತೆಯವರು ಆ ತಟ್ಟೆಯನ್ನು ತೆಗೆದುಕೊಂಡು ತಮ್ಮ ಕೋಣೆಗೆ ಹೋದರು. ನೆಲದ ಮೇಲೆ ಕೂತು, ಬೆರಳ ತುದಿಯಲ್ಲಿ ಕಲಸಿ, ಅವನ ಕಿವಿಯಲ್ಲಿ ಏನೋ ಹೇಳಿದರು. ತಟ್ಟೆ ಖಾಲಿ. ಅಂದಿನಿಂದ ಊಟ ಅವರ ಕೋಣೆಯಲ್ಲೇ. ಯಶಸ್ಸಿನ ಪಾಲನ್ನು ಮಾತ್ರ ನಾನು ಇಟ್ಟುಕೊಂಡೆ.

ಇನ್ನು ನಿಷೇಧಿತ ಪದಾರ್ಥಗಳ ಪ್ರಶ್ನೆ. ಫ್ರಿಜ್ಜಿನಲ್ಲಿ ಚೀಸಿತ್ತು, ಬೀರುವಿನಲ್ಲಿ ಬೆಣ್ಣೆ ಬಿಸ್ಕತ್ತಿನ ದೊಡ್ಡ ಡಬ್ಬವಿತ್ತು, ದಿನಾ ಕಾಯಿಸಿದ ಹಾಲಿನ ಮೇಲೆ ಬೆರಳು ದಪ್ಪ ಕೆನೆ ಕಟ್ಟುತ್ತಿತ್ತು. ಇಷ್ಟು ದಿನ ಇದೆಲ್ಲ ಸಾಹುಕಾರನ ಹಕ್ಕಿನ ಪಾಲು. ಅವನ ಮೂಗಿಗೆ ಬೀಳುವ ಮೊದಲೇ ಇವು ಮಾಯವಾಗಬೇಕಿತ್ತು. ಎಸೆಯಲು ಮನಸ್ಸು ಬರಲಿಲ್ಲ. ಆ ಕಠಿಣ ಕರ್ತವ್ಯವನ್ನು ನಾನೇ ವಹಿಸಿಕೊಂಡೆ.

ಪ್ರತಿ ಭಾನುವಾರ ಬೆಳಿಗ್ಗೆ ತೂಕ. ಅಂಗಡಿಯಿಂದ ಮೂಟೆ ತೂಗುವ ಯಂತ್ರವನ್ನೇ ಹಜಾರಕ್ಕೆ ತಂದಿಟ್ಟಿದ್ದೆ. ಹತ್ತು ಗ್ರಾಂ ವ್ಯತ್ಯಾಸವನ್ನೂ ಬಿಡದೆ ತೋರಿಸುವ ಯಂತ್ರ. ಆದರೆ ಸಾಹುಕಾರ ಅದರ ಮೇಲೆ ಒಂದು ಕ್ಷಣ ನಿಲ್ಲಬೇಕಲ್ಲ! ಹಾಗಾಗಿ ನಾನು ಅವನನ್ನು ಎದೆಗವಚಿಕೊಂಡು ಯಂತ್ರ ಹತ್ತುತ್ತಿದ್ದೆ. ಬಂದ ಅಂಕಿಯಿಂದ ನನ್ನ ತೂಕ ಕಳೆದರೆ ಬೆಕ್ಕಿನ ತೂಕ. ನನ್ನ ತೂಕ ಎಪ್ಪತ್ತನಾಲ್ಕು ಕಿಲೋ ಮುನ್ನೂರು ಗ್ರಾಂ ಎಂದು ಮೊದಲ ದಿನವೇ ನೋಡಿ, ಚಾರ್ಟಿನ ತಲೆಯ ಮೇಲೆ ಬರೆದಿಟ್ಟಿದ್ದೆ.

ಮೊದಲ ಭಾನುವಾರ ಬೆಕ್ಕು ಏಳು ಕಿಲೋ ಇನ್ನೂರು. ಎರಡನೆಯದು, ಏಳೂವರೆ. ಮೂರನೆಯದು, ಏಳು ಕಿಲೋ ಒಂಬೈನೂರು. ಫ್ರಿಜ್ಜಿನ ಮೇಲೆ ಅಂಟಿಸಿದ್ದ ಚಾರ್ಟಿನ ಗೆರೆ ಇಳಿಯುವ ಬದಲು ಏಣಿ ಹತ್ತಿತು.

"ಯಾರೋ ಕದ್ದು ತಿನ್ನಿಸ್ತಿದಾರೆ," ಎಂದೆ.

"ನೋಡಕ್ಕೆ ಸಣ್ಣಗಾದ ಹಾಗೇ ಕಾಣ್ತಾನಲ್ರೀ," ಎಂದಳು ಹೆಂಡತಿ.

"ಕಣ್ಣು ಮೋಸ ಮಾಡುತ್ತೆ, ಯಂತ್ರ ಮಾಡಲ್ಲ. ಅದಿರಲಿ, ನನ್ನ ಪ್ಯಾಂಟನ್ನ ಯಾವ ನೀರಲ್ಲಿ ನೆನೆಸ್ತಿದ್ದೀಯ? ಒಗೆದು ಒಗೆದು ಕುಗ್ಗಿಸಿಬಿಟ್ಟಿದ್ದೀಯ. ಸೊಂಟದ ಗುಂಡಿ ಹಾಕಕ್ಕೇ ಆಗ್ತಿಲ್ಲ."

ಅವಳು ನನ್ನ ಹೊಟ್ಟೆಯನ್ನೊಮ್ಮೆ ನೋಡಿ ಅಡುಗೆಮನೆಗೆ ಹೋದಳು.

ಪತ್ತೆದಾರಿಕೆ ಶುರುವಾಯಿತು. ದಿನಕ್ಕೆ ಎರಡು ಸಲ, ಅರ್ಧರ್ಧ ಗಂಟೆ, ಅತ್ತೆಯವರ ಕೋಣೆಯ ಬಾಗಿಲು ಒಳಗಿನಿಂದ ಮುಚ್ಚಿರುತ್ತಿತ್ತು. ಒಳಗೆ ಅವರು, ಜೊತೆಗೆ ಬೆಕ್ಕು. ಬಾಗಿಲಿಗೆ ಕಿವಿಯಿಟ್ಟರೆ ಏನೋ ಉರುಳುವ ಸದ್ದು, ಅವರ ಸಣ್ಣ ನಗು. ನಾಲ್ಕನೆಯ ಭಾನುವಾರ ಯಂತ್ರ ಎಂಟು ಕಿಲೋ ನಾನೂರು ತೋರಿಸಿದಾಗ ನನ್ನ ತಾಳ್ಮೆ ಕೆಟ್ಟಿತು.

"ಅತ್ತೆ, ನಿಮಗೆ ಅವನ ಮೇಲೆ ಪ್ರೀತಿ ಇದೆ, ಗೊತ್ತು. ಆದ್ರೆ ನೀವು ಕೊಡ್ತಿರೋ ತಿಂಡಿ ಅವನ ಪ್ರಾಣ ತೆಗೆಯುತ್ತೆ."

ಅವರು ಊಟದ ತಟ್ಟೆಯಿಂದ ಕೈ ತೆಗೆದರು. "ನಾನೇನೂ ಕೊಟ್ಟಿಲ್ಲ ಅಳಿಯಂದ್ರೇ."

"ನನ್ನ ಯಂತ್ರಕ್ಕೆ ನೀವೂ ಒಂದೇ, ನಾನೂ ಒಂದೇ. ಅದು ಸುಳ್ಳು ಹೇಳಲ್ಲ."

ಅವರು ತಟ್ಟೆ ಎತ್ತಿಕೊಂಡು ಎದ್ದರು. ಸಂಜೆ ಸಾಹುಕಾರ ಮಡಿಲಿಗೆ ಬಂದಾಗ ಎತ್ತಿ ಕೆಳಗಿಟ್ಟು, ಕೋಣೆಗೆ ಹೋಗಿ ಬ್ಯಾಗು ತುಂಬಿಕೊಂಡರು. "ನಾಳೆ ಕಿರಿಯವಳ ಮನೆಗೆ ಹೋಗ್ತೀನಿ. ನಾನಿಲ್ದಿದ್ರೆ ಅವನು ಬೇಗ ಇಳೀತಾನೇನೋ." ಹನ್ನೊಂದು ವರ್ಷ ನಮ್ಮೊಂದಿಗಿದ್ದ ಜೀವ. ಮುಚ್ಚಿದ ಬಾಗಿಲ ಮುಂದೆ ಬೆಕ್ಕು ಕೂತೇ ಇತ್ತು. ಹೆಂಡತಿ ನನ್ನ ಜೊತೆ ಮಾತು ಬಿಟ್ಟಳು. ನನಗೂ ಎದೆಯೊಳಗೆ ಚುಚ್ಚುತ್ತಿತ್ತು, ನಿಜ. ಆದರೆ ಅಂಕಿ ಅಂಕಿಯೇ ಎಂದು ಬಿಗಿದುಕೊಂಡೆ.

ಮರುದಿನ ಡಾಕ್ಟರಮ್ಮನಲ್ಲಿಗೆ ಹೋಗುವ ದಿನ. ಸಾಹುಕಾರ ಅತ್ತೆಯವರಲ್ಲದೆ ಬೇರೆ ಯಾರು ಕೂರಿಸಿದರೂ ಬುಟ್ಟಿಯೊಳಗೆ ಕೂರುವವನಲ್ಲ. ಹಾಗಾಗಿ ನನ್ನ, ಹೆಂಡತಿಯ ಜೊತೆ ಅವರೂ ಬಂದರು, ಬ್ಯಾಗಿನ ಸಮೇತ. ಅಲ್ಲಿಂದಲೇ ನೇರ ಬಸ್ಸಿಗೆ.

ಡಾಕ್ಟರಮ್ಮ ಬೆಕ್ಕನ್ನು ಮೇಜಿನ ತಕ್ಕಡಿಯ ಮೇಲೆ ಕೂರಿಸಿದರು. ಅತ್ತೆಯವರು ಬೆನ್ನು ಸವರುತ್ತಿದ್ದರೆ ಅವನು ಅಲ್ಲಾಡಲೇ ಇಲ್ಲ. ಅವರು ಕೈ ತೆಗೆದರು. ಆರು ಕಿಲೋ ನಾನೂರು.

"ಭೇಷ್, ಏಳುನೂರು ಗ್ರಾಂ ಇಳಿದಿದಾನೆ," ಎಂದರು ಡಾಕ್ಟರಮ್ಮ. "ಯಾರು ಆಟ ಆಡಿಸಿದ್ದು? ಮೈಯೆಲ್ಲ ಗಟ್ಟಿಯಾಗಿದೆ."

"ನಾನೇ," ಎಂದರು ಅತ್ತೆ ಮೆಲ್ಲಗೆ. "ನೂಲಿನ ಉಂಡೆ ಉರುಳಿಸ್ತಿದ್ದೆ. ಬಾಗ್ಲು ತೆಗೆದ್ರೆ ಅಡುಗೆಮನೆಗೆ ಓಡ್ತಾನೆ ಅಂತ ಹಾಕ್ಕೊಳ್ತಿದ್ದೆ."

ನಾನು ಒಪ್ಪಲಿಲ್ಲ. "ಡಾಕ್ಟ್ರೇ, ನಿಮ್ಮ ತಕ್ಕಡಿ ಕೆಟ್ಟಿದೆ." ಚೀಲದಲ್ಲಿ ಸದಾ ಇರುವ ಪರೀಕ್ಷೆಯ ತೂಕದ ಕಲ್ಲನ್ನು ತೆಗೆದು, ಬೆಕ್ಕು ಇಳಿದ ತಕ್ಕಡಿಯ ಮೇಲೆ ಠೀವಿಯಿಂದ ಇಟ್ಟೆ. ಸರ್ಕಾರದ ಮುದ್ರೆಯಿದ್ದ ಐದು ಕಿಲೋ ಕಲ್ಲು. ಐದು ಕಿಲೋ ಸೊನ್ನೆ ಗ್ರಾಂ ಎಂದಿತು ತಕ್ಕಡಿ. ಎರಡನೆಯ ಸಲವೂ ಅದನ್ನೇ ಹೇಳಿತು.

"ಮನೇಲಿ ಹೇಗೆ ತೂಗ್ತೀರಿ?" ಎಂದು ಕೇಳಿದರು ಡಾಕ್ಟರಮ್ಮ.

ವಿವರಿಸಿದೆ. ಎದೆಗವಚುವುದು, ಹತ್ತುವುದು, ಕಳೆಯುವುದು.

"ನಿಮ್ಮ ತೂಕವನ್ನೂ ಪ್ರತಿ ವಾರ ನೋಡ್ತಿದ್ರಿ ತಾನೆ?"

ನಾನು ಕಲ್ಲನ್ನು ಚೀಲಕ್ಕೆ ತುಂಬತೊಡಗಿದೆ. ಡಾಕ್ಟರಮ್ಮ ಮೂಲೆಯ ಕಡೆ ಕೈ ತೋರಿಸಿದರು. "ಅದು ದೊಡ್ಡ ನಾಯಿಗಳಿಗೆ ಇಟ್ಟಿರೋದು. ಪರವಾಗಿಲ್ಲ, ಹತ್ತಿ."

ಹತ್ತಿದೆ. ಎಪ್ಪತ್ತಾರು ಕಿಲೋ ಮುನ್ನೂರು. ಚಾರ್ಟಿನ ತಲೆಯ ಮೇಲೆ ಬರೆದಿಟ್ಟದ್ದಕ್ಕಿಂತ ಎರಡು ಕಿಲೋ ಹೆಚ್ಚು.

"ಕೆನೆ," ಎಂದಳು ಹೆಂಡತಿ. ಹದಿನಾರು ಗಂಟೆಗಳ ನಂತರ ಅವಳು ನನ್ನೊಂದಿಗೆ ಆಡಿದ ಮೊದಲ ಮಾತು. "ಚೀಸು. ಬಿಸ್ಕತ್ತು. ನಾನು ಒಗೆದ ಪ್ಯಾಂಟು ಕುಗ್ಗಿತ್ತು, ಅಲ್ವಾ?"

ಭೂಮಿ ಬಾಯಿ ಬಿಡಲಿಲ್ಲ. ನಾಯಿಗಳ ತಕ್ಕಡಿಯಿಂದ ಇಳಿದು ಅತ್ತೆಯವರ ಬ್ಯಾಗನ್ನು ಕೈಗೆತ್ತಿಕೊಂಡೆ.

"ತಪ್ಪಾಯ್ತು ಅತ್ತೆ. ಸುಮ್ಮನೆ ನಿಮ್ಮ ಮೇಲೆ ಅಪವಾದ ಹೊರಿಸಿದೆ. ದಯವಿಟ್ಟು ಹೋಗ್ಬೇಡಿ."

ಅವರು ಬೆಕ್ಕನ್ನು ಬುಟ್ಟಿಯೊಳಗೆ ಕೂರಿಸಿ, ಮುಚ್ಚಳ ಹಾಕಿದ ಮೇಲೇ ನನ್ನ ಕಡೆ ತಿರುಗಿದರು. ಅಷ್ಟು ಕಾಯಿಸಲು ಅವರಿಗೆ ಹಕ್ಕಿತ್ತು. "ಹೋಗಲ್ಲ. ಆದ್ರೆ ಇನ್ಮೇಲೆ ಯಂತ್ರದ ಉಸ್ತುವಾರಿ ನನ್ನದು."

ಮುಂದಿನ ಭಾನುವಾರ ಹಜಾರದಲ್ಲಿ ಎಲ್ಲ ಸಿದ್ಧವಾಗಿತ್ತು. ಚಾರ್ಟಿನಲ್ಲಿ ಅತ್ತೆಯವರು ಹೊಸದೊಂದು ಸಾಲು ಎಳೆದು, ಅದರ ಮೇಲೆ ನನ್ನ ಹೆಸರು ಬರೆದಿದ್ದರು. ಸಾಹುಕಾರ ಕಿಟಕಿಯ ಕಟ್ಟೆಗೆ ತಾನೇ ಹಾರಿ ಕೂತಿದ್ದ. ಅದನ್ನು ನೋಡಿ ನನಗೆ ನಿಜಕ್ಕೂ ಸಂತೋಷವಾಯಿತು. ಅವನನ್ನು ಎತ್ತಿಕೊಳ್ಳಲು ಕೈ ಚಾಚಿದೆ. ಅತ್ತೆಯವರು ಪೆನ್ಸಿಲ್ಲಿನಿಂದ ತಡೆದರು.

"ಅವನು ಆಮೇಲೆ, ಅಳಿಯಂದ್ರೇ. ಮೊದ್ಲು ಖಾಲಿ ಪಾತ್ರೆ ಹತ್ಲಿ."

ಅಡುಗೆಮನೆಯಿಂದ ಹೆಂಡತಿಯ ದನಿ ಬಂತು: "ಖಾಲಿ ಎಲ್ಲಿಂದ ಬಂತಮ್ಮಾ, ಈಗಷ್ಟೇ ಎರಡು ಬಿಸ್ಕತ್ತು ಒಳಗೆ ಹೋಗಿದೆ."