ಡೇರೆ ಹೊತ್ತು ಕೋಟೆ ಸುತ್ತಿದ್ದು

ಮನೆಯಲ್ಲಿ ಮಲಗಿದವನಿಗೆ ಕನಸು ಬೀಳುತ್ತೆ. ಗುಡ್ಡದ ಮೇಲೆ ಮಲಗಿದವನಿಗೆ ಏನಾದರೊಂದು ಪ್ರಸಂಗವೇ ಬಂದು ಮೈಮೇಲೆ ಬೀಳುತ್ತೆ. ನಮಗಂತೂ ಒಂದು ಸಲವೂ ತಪ್ಪಿದ್ದಿಲ್ಲ.

ಎಪ್ಪತ್ತರ ದಶಕದ ಕೊನೆಯಲ್ಲಿ ಶುರುವಾದ ಹುಚ್ಚು ಅದು. ನಾನು ಸಾಗರದ ಒಂದು ಹೈಸ್ಕೂಲಿನಲ್ಲಿ ಲೆಕ್ಕದ ಮೇಷ್ಟ್ರು. ನನ್ನ ಜೊತೆಗೆ ಅದೇ ಶಾಲೆಯ ಚರಿತ್ರೆ ಮೇಷ್ಟ್ರು, ಪಾಳುಗೋಡೆ ಕಂಡರೆ ಮದುವೆ ಚಪ್ಪರ ಕಂಡ ಹಾಗೆ ಹಿಗ್ಗುವವರು. ಮೂರನೆಯವರು ಬ್ಯಾಂಕಿನ ಕ್ಯಾಷಿಯರ್, ದಿನವಿಡೀ ಕಬ್ಬಿಣದ ಸರಳಿನ ಹಿಂದೆ ಕೂತು ಕೂತು ಬಯಲು ಕಂಡರೆ ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡುವವರು. ರಜೆ ಬಂತು ಅಂದರೆ ಮೂವರೂ ಗಂಟುಮೂಟೆ ಕಟ್ಟಿ ಕವಲೇದುರ್ಗ, ನಗರದ ಕೋಟೆ, ಕೊಡಚಾದ್ರಿ ಅಂತ ಹೊರಟುಬಿಡುತ್ತಿದ್ದೆವು. ಎಲ್ಲಿ ಕತ್ತಲಾಯಿತೋ ಅಲ್ಲೇ ಬಿಡಾರ. ಟ್ರೆಕ್ಕಿಂಗ್ ಅನ್ನುವ ಮಾತು ನಮ್ಮೂರಿಗೆ ಇನ್ನೂ ಬಂದಿರಲಿಲ್ಲ. ಯಾರಾದರೂ ಎಲ್ಲಿಗೆ ಅಂತ ಕೇಳಿದರೆ "ಸುಮ್ಮನೆ" ಅನ್ನುತ್ತಿದ್ದೆವು. ಸುಮ್ಮನೆ ಹೋಗುವವರನ್ನು ನಮ್ಮ ಕಡೆ ಯಾರೂ ನಂಬುವುದಿಲ್ಲ. ಅರ್ಧ ಪಜೀತಿ ಅಲ್ಲಿಂದಲೇ ಶುರು.

ಗುಂಡಿ

ಮೊದಲನೇ ಸಲ ಕವಲೇದುರ್ಗಕ್ಕೆ ಹೋಗುವುದೆಂದಾಯಿತು. ಡೇರೆ ಬೇಕಲ್ಲ? ಸಾಗರದಲ್ಲಿ ಡೇರೆ ಎಲ್ಲಿ ಸಿಗಬೇಕು! ನಮ್ಮ ಅಂಗಿ ಹೊಲಿಯುವ ಟೈಲರ್ ಹತ್ತಿರವೇ ಹೋದೆವು. ದಪ್ಪ ಖಾಕಿ ಬಟ್ಟೆ ಕೊಟ್ಟು, ಹೀಗೆ ಹೀಗೆ ಅಂತ ಕೈಯಲ್ಲೇ ಗಾಳಿಯಲ್ಲಿ ಬರೆದು ತೋರಿಸಿದೆವು. ಆತ ನಮ್ಮ ಮೂವರನ್ನೂ ಸಾಲಾಗಿ ನಿಲ್ಲಿಸಿ ಎದೆ, ಉದ್ದ, ಭುಜ ಎಲ್ಲ ಅಳತೆ ತೆಗೆದುಕೊಂಡ. ಆಗಲೇ ನಮಗೆ ಅನುಮಾನ ಬರಬೇಕಿತ್ತು.

ಡೇರೆ ಮಾತ್ರ ಗಟ್ಟಿಮುಟ್ಟಾಗಿತ್ತು. ಹಾವು ಹುಳ ಬರಬಾರದು ಅಂತ ನೆಲಕ್ಕೂ ಬಟ್ಟೆ ಸೇರಿಸಿ ಹೊಲಿದಿದ್ದ. ಬಾಗಿಲಿಗೆ ಮೇಲಿಂದ ಕೆಳಗಿನವರೆಗೆ ಸಾಲಾಗಿ ಕೋಟಿನ ಗುಂಡಿಗಳು. ಗುಡ್ಡದ ಬುಡದ ಮನೆಯ ಗೌಡರೊಬ್ಬರು ಸಾಮಾನು ಹೊತ್ತುಕೊಂಡು ನಮ್ಮ ಜೊತೆ ಕೋಟೆಗೆ ಬಂದರು. ಡೇರೆ ಹೊಡೆದದ್ದಾಯಿತು, ಊಟವಾಯಿತು. ಗಾಳಿಯೋ ಗಾಳಿ! ನಾವು ಒಳಗೆ ತೂರಿಕೊಂಡ ಮೇಲೆ ಗೌಡರು ಹೊರಗಿನಿಂದ ಒಂದೊಂದೇ ಗುಂಡಿ ಹಾಕಿ, "ಬೆಚ್ಚಗೆ ಮಲ್ಕಳಿ, ಬೆಳಿಗ್ಗೆ ಬರ್ತೀನಿ" ಅಂತ ಹೇಳಿ ಇಳಿದು ಹೋದರು.

ಬೆಳಗಾಯಿತು. ಹಕ್ಕಿಗಳ ಕೂಗು, ಖಾಕಿ ಬಟ್ಟೆಯ ಮೇಲೆ ಹೊಂಬಣ್ಣ. ಚರಿತ್ರೆ ಮೇಷ್ಟ್ರು ಎದ್ದು ಕೂತು, "ಏಳ್ರೀ, ಸೂರ್ಯೋದಯ! ಮೂರನೇ ಸುತ್ತಿನ ಗೋಡೆ ಮೇಲಿಂದ ನೋಡಬೇಕು!" ಅಂತ ಕೂಗಿದರು. ಎದ್ದೆವು. ಬಾಗಿಲು ಹುಡುಕಿದೆವು. ಗುಂಡಿಗಳೆಲ್ಲ ಹೊರಗೆ! ಚಾಕು ಅಡುಗೆ ಚೀಲದಲ್ಲಿ, ಚೀಲವೂ ಹೊರಗೆ. ಗುಂಡಿಗಳ ನಡುವಿನ ಸಂದಿಗೆ ಕಣ್ಣಿಟ್ಟು ಸರದಿಯ ಮೇಲೆ ಸೂರ್ಯೋದಯ ನೋಡಿದೆವು. ಕ್ಯಾಷಿಯರ್ ಮಾತ್ರ ನೋಡಲಿಲ್ಲ. ಅವರಿಗೆ ಅದಕ್ಕಿಂತ ಅವಸರದ ಕೆಲಸವಿತ್ತು.

ಕೊನೆಗೆ ದನ ಹುಡುಕಿಕೊಂಡು ಒಬ್ಬಳು ಅಜ್ಜಿ ಬಂದಳು. ಬಟ್ಟೆಯ ಗಂಟು ಮಾತಾಡುವುದನ್ನು ಕೇಳಿ ದೂರದಲ್ಲೇ ನಿಂತಳು.

"ಯಾರದು ಒಳಗೆ?"

"ನಾವು ಅಜ್ಜಿ, ಸಾಗರದ ಮೇಷ್ಟ್ರು!"

"ಹೊರಗೆ ಬನ್ನಿ ಮತ್ತೆ."

"ಬರೋಕಾಗಲ್ಲ, ಗುಂಡಿ ಹಾಕಿಬಿಟ್ಟಿದ್ದಾರೆ!"

ಅಜ್ಜಿ ಕೋಲು ಮುಂದೆ ಹಿಡಿದು, "ಕೂಡಿ ಹಾಕೋ ಅಂಥದ್ದು ಎಂತ ಮಾಡಿದ್ರಿ?" ಅಂದಳು. ನಾವು ಮೂವರೂ ಒಳ್ಳೆಯ ಮನೆತನದವರು ಅಂತ ಖಾತ್ರಿಯಾದ ಮೇಲೆಯೇ ಒಂದು ಗುಂಡಿ ಬಿಚ್ಚಿದ್ದು. ಮಿಕ್ಕದ್ದನ್ನು ಕ್ಯಾಷಿಯರ್ ತಲೆಯಿಂದಲೇ ಬಿಚ್ಚಿಕೊಂಡು ಓಡಿದರು.

ಊರಿಗೆ ಬಂದವರೇ ಟೈಲರ್ ಮೇಲೆ ಎಗರಿಬಿದ್ದೆವು. ಆತ ಕತ್ತರಿ ಕೆಳಗಿಟ್ಟು ಶಾಂತವಾಗಿ ಕೇಳಿದ: "ಇಷ್ಟು ವರ್ಷದಿಂದ ನಿಮಗೆ ಅಂಗಿ ಹೊಲಿದು ಕೊಡ್ತಿದ್ದೀನಲ್ಲ ಸಾರ್, ಯಾವ ಅಂಗಿಗೆ ಗುಂಡಿ ಒಳಗಡೆ ಇತ್ತು?"

ಉಂಬಳಕ್ಕೆ ಔಷಧಿ

ಒಂದು ಸಲ ಮಳೆ ಹಿಡಿದ ಮೇಲೆ ಆಗುಂಬೆ ಕಾಡಿಗೆ ಹೊರಟೆವು. ಸುದ್ದಿ ತಿಳಿದವರೆಲ್ಲ ಉಂಬಳಕ್ಕೆ, ಅದೇ ರಕ್ತ ಹೀರುವ ಕಾಡು ಜಿಗಣೆಗೆ, ಒಂದೊಂದು ಔಷಧಿ ಹೇಳಿದರು. ಸುಣ್ಣ ಹಚ್ಚಿ ಅಂದರು ಒಬ್ಬರು. ಹೊಗೆಸೊಪ್ಪು ನೆನೆಸಿ ತಿಕ್ಕಿ ಅಂದರು ಇನ್ನೊಬ್ಬರು. ಯಾರನ್ನೂ ನೋಯಿಸಬಾರದು ಅಂತ ಕ್ಯಾಷಿಯರ್ ಎರಡನ್ನೂ ಮಾಡಿಕೊಂಡರು. ಮೊಣಕಾಲಿನವರೆಗೆ ಸುಣ್ಣ, ಅದರ ಮೇಲೆ ಹೊಗೆಸೊಪ್ಪಿನ ರಸ. ನಡೆದು ಬರುವಾಗ ಯಾವುದೋ ವೇಷಗಾರನ ಹಾಗೆ ಕಾಣುತ್ತಿದ್ದರು.

ಕಾಡೊಳಗೆ ಏನು ಸಂಭ್ರಮ ಅಂತೀರಿ! ಎತ್ತ ನೋಡಿದರೂ ನೀರು ಧುಮುಕುವ ಸದ್ದು, ಮರದಿಂದ ಮರಕ್ಕೆ ಹಾರುವ ಕರಿಮೋರೆಯ ಮುಶ್ಯ ಕೋತಿಗಳು. ಕಾಲಿನ ನೆನಪೇ ನಮಗಿರಲಿಲ್ಲ. ಮೇಗರವಳ್ಳಿಗೆ ಬಂದು ಚಹಾ ಅಂಗಡಿಯ ಬೆಂಚಿನ ಮೇಲೆ ಕೂತು ನೋಡಿಕೊಂಡರೆ, ಔಷಧಿ ಹಚ್ಚದ ನಮ್ಮಿಬ್ಬರ ಕಾಲಲ್ಲಿ ಎರಡೋ ಮೂರೋ ಉಂಬಳ. ಕ್ಯಾಷಿಯರ್ ಕಾಲಲ್ಲಿ ಜಾತ್ರೆ!

"ಏನಮ್ಮಾ ಇದು! ಸುಣ್ಣ ಹಚ್ಚಿದೆ, ಹೊಗೆಸೊಪ್ಪೂ ಹಚ್ಚಿದೆ, ಆದ್ರೂ ಬಿಡ್ಲಿಲ್ಲ!" ಅಂತ ಅವರು ಅಂಗಡಿಯಮ್ಮನ ಹತ್ತಿರ ಗೋಳು ಹೇಳಿಕೊಂಡರು.

ಆಕೆ ಲೋಟ ತೊಳೆಯುತ್ತ ತಿರುಗಿ ನೋಡಿದಳು. "ಬಿಡೋದು ಹ್ಯಾಂಗೆ? ಸುಣ್ಣ ಕೊಟ್ರಿ, ಹೊಗೆಸೊಪ್ಪು ಕೊಟ್ರಿ. ಎಲೆ ಅಡಿಕೆನೂ ಬರುತ್ತೆ ಅಂತ ಕಾದು ಕೂತಿದಾವೆ."

ಹಾರೆ

ನಗರದ ಕೋಟೆಯಲ್ಲಿ ಆದದ್ದು ನೆನೆದರೆ ಈಗಲೂ ಎದೆ ಹೊಡೆದುಕೊಳ್ಳುತ್ತೆ.

ಹೊಸನಗರದಿಂದ ಬಸ್ಸಿನಲ್ಲಿ ಬಂದಿಳಿದು ಕೋಟೆಯೊಳಗೆ ಬಿಡಾರ ಹೂಡಿದಾಗ ಸಂಜೆ. ಚರಿತ್ರೆ ಮೇಷ್ಟ್ರು ಗೋಡೆ ಗೋಡೆಗೂ ಕಿವಿಯಿಟ್ಟು ತಟ್ಟಿ ನೋಡುತ್ತಿದ್ದರು, ಒಳಗೆ ಪೊಳ್ಳಿದ್ದರೆ ಸುರಂಗವಂತೆ. ನಾನು ಗುದ್ದಲಿ ಹಿಡಿದು ಡೇರೆಯ ಸುತ್ತ ಕಾಲುವೆ ತೆಗೆಯುತ್ತಿದ್ದೆ, ಮಳೆ ಬಂದರೆ ನೀರು ಒಳಗೆ ನುಗ್ಗಬಾರದಲ್ಲ. ತಲೆಯೆತ್ತಿ ನೋಡಿದರೆ ಸುತ್ತಲೂ ಹತ್ತು ಹನ್ನೆರಡು ಜನ! ಒಬ್ಬೊಬ್ಬರ ಹೆಗಲ ಮೇಲೂ ಒಂದೊಂದು ಹಾರೆ. ಮುಂದೆ ಒಬ್ಬರು ಹಿರಿಯರು, ಬಿಳಿ ಮೀಸೆ.

"ಯಾರು ನೀವು?"

"ಸಾಗರದ ಮೇಷ್ಟ್ರುಗಳು."

"ಮೇಷ್ಟ್ರಿಗೆ ಗುದ್ದಲಿ ಯಾಕೆ?"

ನಾನು ಕಾಲುವೆಯ ವಿಷಯ ಹೇಳಿದೆ. ಆಕಾಶದಲ್ಲಿ ಒಂದು ತುಣುಕು ಮೋಡವೂ ಇರಲಿಲ್ಲ. ಹಿರಿಯರು ಒಮ್ಮೆ ಮೇಲೆ ನೋಡಿ, ನಮ್ಮ ಚೀಲದ ಕಡೆ ಬೊಟ್ಟು ಮಾಡಿದರು.

"ನಿಂಬೆಹಣ್ಣು?"

"ಚಿತ್ರಾನ್ನಕ್ಕೆ."

"ಅರಿಶಿನ?"

"ಅದೂ ಚಿತ್ರಾನ್ನಕ್ಕೆ."

"ತೆಂಗಿನಕಾಯಿ?"

"ಅದೂ..." ಅಂದೆ. ನನ್ನ ಕಿವಿಗೇ ಅದು ಸುಳ್ಳಿನ ಹಾಗೆ ಕೇಳಿಸಿತು. ನಾವು ನಿಧಿ ಅಗೆಯಲು ಬಂದ ಕಳ್ಳರು ಅಂತ ಅವರಲ್ಲಿ ತೀರ್ಮಾನವಾಗಿತ್ತು. ಕ್ಯಾಷಿಯರ್ ಮೆಲ್ಲಗೆ ನನ್ನ ಬೆನ್ನ ಹಿಂದೆ ಸರಿದರು.

ಇನ್ನು ಒಂದೇ ದಾರಿ ಉಳಿದಿತ್ತು. ಅವರೆದುರೇ ಒಲೆ ಹೂಡಿ ಚಿತ್ರಾನ್ನ ಮಾಡಿದೆವು. ಗಡಿಬಿಡಿಯಲ್ಲಿ ಉಪ್ಪು ಎರಡು ಸಲ ಬಿತ್ತು. ಅನ್ನ ಬೇಯುವಷ್ಟು ಹೊತ್ತು ಚರಿತ್ರೆ ಮೇಷ್ಟ್ರು ಉಸಿರು ಬಿಡದೆ ಆ ಕೋಟೆ ಆಳಿದ ಬಿದನೂರಿನ ಅರಸರ ಕಥೆ ಹೇಳಿದರು. ಹಾರೆಗಳು ಒಂದೊಂದಾಗಿ ಕೆಳಗಿಳಿದವು. ಎಲ್ಲರೂ ಕೂತರು, ಮುತ್ತುಗದ ಎಲೆಯಲ್ಲಿ ಒಂದೊಂದು ಹಿಡಿ ತಿಂದರು. ಚಿತ್ರಾನ್ನವೇ ಹೌದು ಅಂತ ಸಾಬೀತಾಯಿತು. ಬದುಕಿದೆವು!

ಹೊರಡುವಾಗ ಹಿರಿಯರು ನನ್ನನ್ನು ಬದಿಗೆ ಕರೆದು ದನಿ ತಗ್ಗಿಸಿದರು. "ಅಲ್ಲ ಮೇಷ್ಟ್ರೇ, ಇಷ್ಟೆಲ್ಲ ಓದಿದೀರಿ. ನಿಧಿ ಎಲ್ಲಿರಬಹುದು ಅಂತ ಒಂದು ಅಂದಾಜಾದ್ರೂ ಇಲ್ವಾ?"

"ದೇವರಾಣೆ ಇಲ್ಲ ಮಾರಾಯ್ರೇ."

"ಥೋ! ಹಾರೆ ಹೊತ್ತು ಬಂದದ್ದೇ ದಂಡ."

"ಹಾರೆ ತಂದದ್ದು ನಮ್ಮನ್ನ ಹೊಡೆಯೋಕಲ್ವಾ?"

"ಹೊಡೆಯೋಕೆ ದೊಣ್ಣೆ ಸಾಲದಾ?" ಅಂದರು ಹಿರಿಯರು. "ಅದಕ್ಕೆ ಹಾರೆ ಯಾರು ತರ್ತಾರೆ!"

ಬರೀ ಕಲ್ಲು

ನಮ್ಮ ತಿರುಗಾಟದ ಬಗ್ಗೆ ಮನೆಯಲ್ಲಿ ಪ್ರತಿ ಸಲವೂ ಒಂದೇ ಪ್ರಶ್ನೆ: "ಅಲ್ಲಿ ಏನಿದೆ ಅಂತ ಹೋಗ್ತೀರಿ?" ಚರಿತ್ರೆ ಮೇಷ್ಟ್ರು ತಮ್ಮ ಹೆಂಡತಿಗೆ ಕೊಡುತ್ತಿದ್ದ ಉತ್ತರವೂ ಒಂದೇ: "ಬರೀ ಕಲ್ಲು ಕಣೇ. ನಿನಗೆ ಬೇಜಾರಾಗುತ್ತೆ."

ಕೊಡಚಾದ್ರಿಗೆ ಹೊರಟ ದಿನ ಅವರ ಹೆಂಡತಿ ಸೆರಗು ಸಿಕ್ಕಿಸಿ ಬಸ್‌ಸ್ಟ್ಯಾಂಡಿನಲ್ಲಿ ನಮಗಿಂತ ಮೊದಲೇ ನಿಂತಿದ್ದರು! "ಆ ಕಲ್ಲು ಎಂಥದ್ದು ಅಂತ ನಾನೂ ಒಂದ್ಸಲ ನೋಡ್ಬೇಕು" ಅಂದರು. ಇನ್ನು ಮುಗಿಯಿತು, ಅರ್ಧ ದಾರಿಯಲ್ಲಿ ಇವರನ್ನು ಹೊತ್ತುಕೊಂಡು ಇಳಿಯಬೇಕು ಅಂತ ನಾನು ಮತ್ತು ಕ್ಯಾಷಿಯರ್ ಮುಖ ಮುಖ ನೋಡಿಕೊಂಡೆವು.

ಏರು ಶುರುವಾಯಿತು. ಮರದ ಸಂದಿಯಲ್ಲಿ ಅವರ ಕೆಂಪು ಸೀರೆ ಕಾಣಿಸುತ್ತಿತ್ತು, ಆಮೇಲೆ ಅದೂ ಕಾಣಿಸಲಿಲ್ಲ. ನಾವು ಮೂವರು ಏದುಸಿರು ಬಿಡುತ್ತ, ಕಂಡ ಕಂಡ ಬಂಡೆಯ ಮೇಲೆ ಕೂರುತ್ತ ಮೇಲೆ ತಲುಪಿದಾಗ ಅವರು ತುದಿಯ ಕಲ್ಲುಗುಡಿಯ ಹತ್ತಿರ ನಿಂತಿದ್ದರು. ಗಾಳಿಗೆ ಸೆರಗು ಪಟಪಟ ಹಾರುತ್ತಿತ್ತು. ಪಡುವಣದಲ್ಲಿ ಬೆಟ್ಟದ ಹಿಂದೆ ಬೆಟ್ಟ, ಅದರಾಚೆ ಸಮುದ್ರದ ಒಂದು ಬೆಳ್ಳಿ ಗೆರೆ, ಅದರೊಳಗೆ ಇಳಿಯುತ್ತಿದ್ದ ಕೆಂಪು ಸೂರ್ಯ. ಆಕೆ ಗಂಡನ ಕಡೆ ತಿರುಗಲೇ ಇಲ್ಲ. ಕಣ್ಣಲ್ಲಿ ನೀರು.

"ಇದಾ ನಿಮ್ಮ ಬರೀ ಕಲ್ಲು?" ಅಂದರು ಕೊನೆಗೆ.

ಮೇಷ್ಟ್ರು ಬಗ್ಗಿ ಡೇರೆಯ ಗಂಟು ಬಿಚ್ಚತೊಡಗಿದರು.

ಮುಂದಿನ ರಜೆಗೆ ಡೇರೆ ಕೇಳಲು ಅವರ ಮನೆಗೆ ಹೋದರೆ ಡೇರೆಯೂ ಇಲ್ಲ, ಆಕೆಯೂ ಇಲ್ಲ. ತವರಿಗೆ ಅಂತ ಹೇಳಿ ಹೊರಟಿದ್ದ ನನ್ನ ಹೆಂಡತಿ, ಕ್ಯಾಷಿಯರ್ ಹೆಂಡತಿ, ಪಕ್ಕದ ಮನೆಯ ಟೀಚರು ಎಲ್ಲ ಸೇರಿ ಬೆಳಗಿನ ಬಸ್ಸಿಗೇ ಕವಲೇದುರ್ಗಕ್ಕೆ ಹೊರಟುಹೋಗಿದ್ದರು. ಚರಿತ್ರೆ ಮೇಷ್ಟ್ರು ಸೊಂಟಕ್ಕೆ ಟವೆಲ್ ಸುತ್ತಿ ಮಕ್ಕಳಿಗೆ ಉಪ್ಪಿಟ್ಟು ತಿರುವುತ್ತಿದ್ದರು.

"ನಾನೂ ಬರ್ತೀನಿ ಅಂದೆ ಕಣ್ರೀ," ಅಂದರು. "ಅಲ್ಲೇನಿದೆ, ಬರೀ ಕಲ್ಲು, ನಿಮಗೆ ಬೇಜಾರಾಗುತ್ತೆ ಅಂದ್ಲು."

ಮುಳುಗಿದ ಮನೆಯ ಊಟ

ಬೇಸಿಗೆಯ ಕೊನೆಯಲ್ಲಿ ಶರಾವತಿ ಹಿನ್ನೀರು ಇಳಿದಾಗ ನೋಡಬೇಕು. ಲಾಂಚಿನಲ್ಲಿ ನೀರು ದಾಟಿ, ಬ್ಯಾಕೋಡಿನ ಕಡೆಯಿಂದ ನಡೆದುಹೋಗಿ ದಿಬ್ಬ ಇಳಿದರೆ, ಅಬ್ಬಾ! ಕಣ್ಣು ಹಾಯುವವರೆಗೆ ಒಡೆದ ಕೆಂಪು ಮಣ್ಣು, ಅಲ್ಲಲ್ಲಿ ಸುಟ್ಟಂತೆ ಕರಿಕಟ್ಟಿದ ಮರದ ಬೊಡ್ಡೆಗಳು, ಎಲ್ಲಿಂದಲೋ ಬಂದು ಎಲ್ಲಿಗೋ ಹೋಗುವ ಹಳೆಯ ಗಾಡಿರಸ್ತೆ. "ಮರುಭೂಮಿ ಕಣ್ರೀ! ಒಂಟೆ ಒಂದು ಕಮ್ಮಿ!" ಅಂತ ಕ್ಯಾಷಿಯರ್ ಎರಡೂ ಕೈ ಚಾಚಿ ಓಡಿದರು. ನಡುವೆ ಮೊಣಕಾಲೆತ್ತರದ ಗೋಡೆಗಳ ಒಂದು ಪಾಳು ಅಡಿಪಾಯ. ಗಾಳಿಗೆ ಮರೆಯಾಯಿತು ಅಂತ ಅದರೊಳಗೇ ಡೇರೆ ಹೊಡೆದೆವು.

ಬೆಳಿಗ್ಗೆ ಚಹಾ ಕುದಿಯುತ್ತಿತ್ತು. ದೂರದಿಂದ ಒಬ್ಬರು ವಯಸ್ಸಾದವರು ಕೊಡೆ ಊರಿಕೊಂಡು ಬಂದರು. ಗೋಡೆ ದಾಟಿದ್ದರೆ ಎರಡೇ ಹೆಜ್ಜೆ. ಆದರೆ ದಾಟಲಿಲ್ಲ. ಪೂರ್ತಿ ಸುತ್ತು ಬಳಸಿ, ಗೋಡೆಯಲ್ಲಿ ಬಾಗಿಲಿನ ಜಾಗ ಬಿಟ್ಟಿದ್ದ ಕಡೆ ಬಂದು, ಚಪ್ಪಲಿ ಕಳಚಿಟ್ಟು, ಇಲ್ಲದ ಬಾಗಿಲಿಗೆ ತಲೆ ತಗ್ಗಿಸಿ ಒಳಗೆ ಬಂದರು.

"ಒಲೆ ಎಂತಕ್ಕೆ ಅಲ್ಲಿ ಹೂಡಿದ್ರಿ?" ಅಂದರು. "ಅದು ಎಂಗಳ ದೇವರ ಕೋಣೆ."

ನಮಗೆ ಕೂದಲು ನಿಮಿರಿತು. ಅಣೆಕಟ್ಟು ಕಟ್ಟಿದಾಗ ಮುಳುಗಿದ ಅವರ ಮನೆ ಅದು! ಪ್ರತಿ ಬೇಸಿಗೆ ನೀರಿಳಿದಾಗ ಒಮ್ಮೆ ಬಂದು ನೋಡಿ ಹೋಗುತ್ತಾರಂತೆ. ನಾವು ಗಡಿಬಿಡಿಯಿಂದ ಒಲೆ ಎತ್ತಿದೆವು. ಅವರು ಮುಂದೆ ನಿಂತು ಅದನ್ನು ಅಡುಗೆಮನೆಗೆ ಸಾಗಿಸಿದರು. ತುಳಸಿಕಟ್ಟೆಯ ಮೇಲೆ ಒಣಹಾಕಿದ್ದ ಕ್ಯಾಷಿಯರ್ ಕಾಲುಚೀಲವನ್ನು ನಾನೇ ಓಡಿಹೋಗಿ ತೆಗೆದೆ.

ಆಮೇಲೆ ಮನೆ ತೋರಿಸಿದರು. ಇದು ಬಾಣಂತಿ ಕೋಣೆ, ತಾವು ಹುಟ್ಟಿದ್ದು ಇಲ್ಲೇ. ಇದು ಕೊಟ್ಟಿಗೆ. ಒಂದು ಸಾಲು ಕಲ್ಲಿನ ಹತ್ತಿರ ನಿಂತು, "ಇದು ಜಗಲಿ. ಕುಂತ್ಕಳಿ" ಅಂದರು. ಒಡೆದ ಮಣ್ಣಿನ ಮೇಲೆ ಸಾಲಾಗಿ ಕೂತೆವು.

ಸ್ವಲ್ಪ ಹೊತ್ತಿಗೆ ನಾವು ಗಂಟು ಕಟ್ಟಲು ಎದ್ದರೆ ಅವರು ಬಿಡಲಿಲ್ಲ. "ಮನೆಗೆ ಬಂದವ್ವು ಹಾಂಗೇ ಹೋಪಲಾಗ" ಅಂತ, ಬರಿಹೊಟ್ಟೆಯಲ್ಲಿ ಹೋಗಕೂಡದು ಅಂತ ಹಟ ಹಿಡಿದರು. ನಮ್ಮ ಚೀಲದಿಂದ ನಮ್ಮದೇ ಅವಲಕ್ಕಿ, ಬೆಲ್ಲ, ಕಾಯಿತುರಿ ತೆಗೆದು ತಾವೇ ಕಲಸಿ, ತಾವೇ ಬಡಿಸಿ, "ನಾಚ್ಕಬೇಡಿ, ಇನ್ನೊಂಚೂರು ಹಾಕ್ತೆ" ಅಂತ ಉಪಚಾರ ಮಾಡಿದರು. ಅಷ್ಟು ರುಚಿಯಾದ ಅವಲಕ್ಕಿ ನಾನು ಮತ್ತೆ ತಿಂದಿಲ್ಲ.

ಕ್ಯಾಷಿಯರ್‌ ಕೈ ತೊಳೆದು ಬಂದು ಅವರ ಪಕ್ಕ ಕೂತರು. "ಹೀಗೆ ಬಂದು ನೋಡಿದಾಗ ಬೇಜಾರಾಗಲ್ವಾ?" ಅಂತ ಕೇಳಿದರು.

"ಆಗ್ತು, ಆಗದೆ ಎಂತ" ಅಂದು ಅವರು ಅಡುಗೆಮನೆಯ ಕಡೆ ತಿರುಗಿದರು. ಇದ್ದಕ್ಕಿದ್ದ ಹಾಗೆ ಅವರ ಹೊಟ್ಟೆ ಕುಲುಕಾಡಿತು. ನೋಡಿದರೆ ಅಜ್ಜ ನಗುತ್ತಿದ್ದಾರೆ!

"ಎಂಗಳ ಆಯಿ ಭಾರೀ ಮಡಿ," ಅಂದರು ತಾಯಿಯನ್ನು ನೆನೆದು, ಕಣ್ಣೊರೆಸಿಕೊಂಡು. "ಆಯಿ ಇಪ್ಪಷ್ಟು ದಿನ ಈ ಅಡುಗೆಮನೆ ಹೊಸ್ತಿಲ ದಾಟಿ ಒಂದು ಈರುಳ್ಳಿನೂ ಒಳಗೆ ಬಂದಿತ್ತಿಲ್ಲೆ. ಈಗ ನೋಡಿ, ಮಳೆಗಾಲ ಶುರು ಆದ್ರೆ ಸಾಕು, ಅಡುಗೆಮನೆ ತುಂಬ ಮೀನು!"