ಬಸ್ ನಿಲ್ದಾಣದ ದನಿಗೆ ಸನ್ಮಾನ

ಬದುಕಿರುವವರನ್ನು ಬದುಕಿರುವಾಗಲೇ ಹೊಗಳಬೇಕೆಂಬ ಹುಚ್ಚು ಪಕ್ಕದ ಮನೆಯ ವಕೀಲರಿಗೆ ಹಿಡಿಯದೇ ಇದ್ದಿದ್ದರೆ ಗುಮಾಸ್ತರು ಇನ್ನಷ್ಟು ದಿನ ನೆಮ್ಮದಿಯಾಗಿ ಇರುತ್ತಿದ್ದರು. ಹಿಂದಿನ ವಾರ ಯಾರೋ ಹಳೆಯ ನಟ ತೀರಿಕೊಂಡಾಗ ಊರಿಗೆ ಊರೇ ಮೂಗೊರೆಸಿಕೊಂಡದ್ದನ್ನು ನೋಡಿ ವಕೀಲರಿಗೆ ಮೈಯೆಲ್ಲ ಉರಿದುಹೋಗಿತ್ತು.

"ಇದ್ದಾಗ ಹೇಗಿದ್ದೀಯಪ್ಪಾ ಅಂತ ಕೇಳ್ದೋರಿಲ್ಲ, ಈಗ ನೋಡಿ ಗೋಳಾಟ! ನಿಮ್ಮನ್ನ ಮಾತ್ರ ಹಾಗೆ ಸಾಯೋಕೆ ಬಿಡಲ್ಲ ಕಣ್ರೀ," ಎಂದು ಕಾಂಪೌಂಡಿನ ಆಚೆಯಿಂದ ಗುಮಾಸ್ತರಿಗೆ ಅಭಯ ಕೊಟ್ಟರು. ಕೇಳದೆ ಕೊಟ್ಟ ಅಭಯಕ್ಕಿಂತ ಕೆಟ್ಟದ್ದು ಲೋಕದಲ್ಲಿ ಇನ್ನೊಂದಿಲ್ಲ.

ಗುಮಾಸ್ತರು ಬಸ್ ಡಿಪೋದಲ್ಲಿ ಕಡತ ನೋಡಿಕೊಂಡಿದ್ದು ನಿವೃತ್ತರಾದವರು. ಅವರ ಮುಖ ಕಂಡವರು ಕಡಿಮೆ, ದನಿ ಕೇಳದವರೇ ಇಲ್ಲ. ನಿಲ್ದಾಣದಲ್ಲಿ ಬೆಳಗಿನಿಂದ ರಾತ್ರಿಯವರೆಗೆ "ಪ್ರಯಾಣಿಕರ ಗಮನಕ್ಕೆ" ಎಂದು ಕೂಗುವ ದನಿ ಅವರದು. ಒಂದು ಕಾಲದಲ್ಲಿ ಅದನ್ನು ರೆಕಾರ್ಡ್ ಮಾಡಲು ಬಂದವನ ಗಂಟಲು ಕಟ್ಟಿಹೋಗಿ, ಆಗಿನ ಮ್ಯಾನೇಜರು ಇವರನ್ನು ಮೈಕಿನ ಮುಂದೆ ತಳ್ಳಿದ್ದರು. "ನೀವೇ ಓದಿಬಿಡ್ರಿ, ಯಾರು ಕಿವಿಗೊಡ್ತಾರೆ!" ಊರೆಲ್ಲ ಕಿವಿಗೊಟ್ಟಿತು. ಯಾರ ದನಿ ಎಂದು ಮಾತ್ರ ಒಬ್ಬನೂ ವಿಚಾರಿಸಲಿಲ್ಲ. ಹೇಳಿಕೊಂಡರೆ ಸ್ವಂತ ಭಾವಮೈದುನನೇ, "ಬಿಡಿ ಭಾವ, ಹಾಗಾದ್ರೆ ರೇಡಿಯೋದಲ್ಲಿ ಹಾಡೋದು ನಾನೇ," ಎಂದು ನಕ್ಕಿದ್ದ.

ಗುಮಾಸ್ತರಿಗೆ ಮಕ್ಕಳಿಲ್ಲ. "ನಾನು ಹೋದ್ಮೇಲೂ ಆ ದನಿ ಅಲ್ಲಿರುತ್ತೆ ಕಣೇ. ಬೇಜಾರಾದಾಗ ಹೋಗಿ ಕೂತು ಕೇಳ್ಕೊಂಡು ಬಾ," ಎಂದು ಹೆಂಡತಿಗೆ ಆಗಾಗ ಹೇಳುತ್ತಿದ್ದರು. "ನೀವಿರೋವಾಗ್ಲೇ ಕೇಳಿ ಕೇಳಿ ಸಾಕಾಗಿದೆ," ಎಂದು ಆಕೆ ಬಾಯಿ ಮುಚ್ಚಿಸುತ್ತಿದ್ದರು. ಆದರೆ ಪೇಟೆಗೆ ಹೋದಾಗಲೆಲ್ಲ ಆಕೆ ಕಾರಣವಿಲ್ಲದೆ ನಿಲ್ದಾಣದ ದಾರಿಯಲ್ಲೇ ಬರುತ್ತಿದ್ದರು.

ಆ ದನಿಗೆ ನಿಲ್ದಾಣದಲ್ಲೇ ಸನ್ಮಾನ ಆಗಬೇಕೆಂದು ವಕೀಲರು ಈಗಿನ ಮ್ಯಾನೇಜರನ್ನು ಹಿಡಿದರು. "ಒಳ್ಳೇದಾಯ್ತು, ನಮ್ಮದೂ ಒಂದು ಸಣ್ಣ ಕಾರ್ಯಕ್ರಮ ಇದೆ. ಜೊತೆಗೇ ಮುಗಿಸೋಣ," ಎಂದರು ಮ್ಯಾನೇಜರು.

ಸನ್ಮಾನದ ದಿನ ಬೆಳಗಾದದ್ದೇ ತಡ, ಗುಮಾಸ್ತರು ಉಪ್ಪುನೀರಿನಲ್ಲಿ ಗಂಟಲು ಮುಕ್ಕಳಿಸತೊಡಗಿದರು. ಮೈಕಿನಲ್ಲಿ ಹೇಳಬೇಕಾದದ್ದು ಒಂದೇ ಮಾತು: "ಆ ದನಿ ನನ್ನದು." ಅದನ್ನೇ ಕನ್ನಡಿಯ ಮುಂದೆ ಏರಿಸಿ ಇಳಿಸಿ ಹೇಳಿಕೊಂಡರು.

"ಮದುವೆ ದಿನಾನೂ ಇಷ್ಟು ಹೊತ್ತು ಕನ್ನಡಿ ಮುಂದೆ ನಿಂತಿರ್ಲಿಲ್ಲ," ಎಂದರು ಹೆಂಡತಿ.

ಸಂಜೆ ಮೂವರೂ ನಿಲ್ದಾಣಕ್ಕೆ ಬಂದರೆ, ವೇದಿಕೆಗೆ ಹೋಗುವ ಗೇಟಿನಲ್ಲಿ ಕಾವಲುಗಾರ ಅಡ್ಡ ನಿಂತ.

"ಅತಿಥಿಗಳಿಗೆ ಮಾತ್ರ, ತಾತ."

"ಇವರ್ಯಾರು ಗೊತ್ತೇನಯ್ಯಾ? ಇಲ್ಲಿ ಕೂಗುತ್ತಲ್ಲ, ಆ ದನಿಯೇ ಇವರದು!" ವಕೀಲರು ಗುಡುಗಿದರು.

"ಅದು ಮಷೀನು ಸಾರ್. ಮಷೀನಿಗೆಲ್ಲಿಂದ ತಾತ ಬರ್ತಾರೆ?"

"ಕೂಗಿ ತೋರಿಸ್ರೀ ಇವನಿಗೆ!"

ಗುಮಾಸ್ತರು ಬೇಡವೆನ್ನಬಹುದಿತ್ತು. ಆದರೆ ಬೆಳಗಿನಿಂದ ಉಪ್ಪುನೀರಿನಲ್ಲಿ ಮಿಂದ ಗಂಟಲು ಅದು. ಕಣ್ಣು ಮುಚ್ಚಿ ಎದೆ ತುಂಬಿ ಕೂಗಿದರು: "ಪ್ರಯಾಣಿಕರ ಗಮನಕ್ಕೆ! ರಾಜಧಾನಿಗೆ ಹೋಗುವ ವೇಗದೂತ ಬಸ್ಸು ನಾಲ್ಕನೇ ಅಂಕಣದಿಂದ ಹೊರಡಲಿದೆ!"

ಕಣ್ಣು ಬಿಡುವಷ್ಟರಲ್ಲಿ ಅರ್ಧ ನಿಲ್ದಾಣ ನಾಲ್ಕನೇ ಅಂಕಣಕ್ಕೆ ಓಡುತ್ತಿತ್ತು. ಯಾರದೋ ಚೀಲ ಹರಿಯಿತು, ಯಾರದೋ ಚಪ್ಪಲಿ ಉಳಿಯಿತು. ಅಂಕಣ ಖಾಲಿ ಎಂದು ಕಂಡ ಜನ ಅಷ್ಟೇ ವೇಗದಲ್ಲಿ ತಿರುಗಿ ಬಂದರು. ಹೆಂಡತಿ ನಾಲ್ಕು ಹೆಜ್ಜೆ ದೂರ ಸರಿದು, ಬೇರೆ ಯಾರದೋ ಹೆಂಡತಿಯಂತೆ ಗಡಿಯಾರ ನೋಡತೊಡಗಿದರು. ವಕೀಲರು ಕಾಣಲೇ ಇಲ್ಲ.

ಕಾವಲುಗಾರ ಗುಮಾಸ್ತರ ರಟ್ಟೆ ಹಿಡಿದ. "ನಿಲ್ದಾಣದ ದನಿ ನಕಲು ಮಾಡಿ ಜನರನ್ನ ಓಡಿಸ್ತೀಯೇನಯ್ಯಾ? ವಯಸ್ಸಾದವನು, ನಾಚಿಕೆ ಆಗಲ್ವಾ?"

ತಾತ ಹೋಗಿ 'ಅಯ್ಯಾ' ಆಗಿತ್ತು. ತನ್ನ ದನಿಯನ್ನೇ ಕದ್ದ ಕಳ್ಳನಾಗಿ ಗುಮಾಸ್ತರು ಜನರ ಬೈಗುಳ ತಿನ್ನುತ್ತ ನಿಂತರು. ಆದರೂ ಒಳಗೊಳಗೇ ಖುಷಿ: ಇಡೀ ನಿಲ್ದಾಣ ನಂಬಿ ಓಡಿತಲ್ಲ! ಕೊನೆಗೆ ಮ್ಯಾನೇಜರು ಓಡಿಬಂದು, "ಅಯ್ಯೋ, ಇವರೇ ಕಣಯ್ಯಾ ಅತಿಥಿ!" ಎಂದು ಬಿಡಿಸಿ ವೇದಿಕೆಗೆ ಕರೆದೊಯ್ದರು. ವಕೀಲರು ಆಗಲೇ ಮುಂದಿನ ಕುರ್ಚಿಯಲ್ಲಿದ್ದರು.

ವಕೀಲರು ಮಾತಾಡಿದರು. ಗುಮಾಸ್ತರನ್ನು ತಾವು ಹೇಗೆ ಪತ್ತೆ ಮಾಡಿದರು ಎಂಬುದರಿಂದ ಶುರುವಾದ ಮಾತು ತಮ್ಮ ಕಾಲೇಜಿನ ದಿನಗಳ ತನಕ ಬಂದು ನಿಂತಿತು. ಆಮೇಲೆ ಯಾರು ಯಾರೋ ಮಾತಾಡಿದರು. ಮೈಕು ಗುಮಾಸ್ತರ ಮೂಗಿನ ಮುಂದೆಯೇ ಕೈಯಿಂದ ಕೈಗೆ ದಾಟುತ್ತಿತ್ತು. ಅವರು ಕೈ ಚಾಚಿದಾಗಲೆಲ್ಲ ಯಾರೋ ಒಬ್ಬರು ಹೂಗುಚ್ಛ ಹಿಡಿಸುತ್ತಿದ್ದರು.

"ಸಾರ್, ನಂದೂ ಒಂದು ಮಾತು..."

"ಖಂಡಿತ, ಖಂಡಿತ. ಮೊದಲು ನಿಮ್ಮ ಕೈಯಿಂದ ಈ ಗುಂಡಿ ಒತ್ತಿಬಿಡಿ," ಎಂದರು ಮ್ಯಾನೇಜರು.

ಒತ್ತಿದರೆ ನನ್ನ ಹೆಸರು ಹೇಳುವ ಏರ್ಪಾಡಿರಬೇಕು ಎಂದುಕೊಂಡರು ಗುಮಾಸ್ತರು. ಮೇಲಿನ ಸ್ಪೀಕರಿನಲ್ಲಿ ಅವರ ದನಿ ಎಂದಿನಂತೆ ಕೂಗುತ್ತಿತ್ತು. ನಗುತ್ತ ಒತ್ತಿದರು.

"ಪ್ರಯಾಣಿಕರ ಗಮ—"

ದನಿ ಅಲ್ಲಿಗೇ ನಿಂತಿತು. ಮರುಕ್ಷಣ ಜೇನಿನಂಥ ಹೆಣ್ಣುದನಿಯೊಂದು ಎಲ್ಲರಿಗೂ ಶುಭಸಂಜೆ ಹೇಳಿತು. ಚಪ್ಪಾಳೆಯೋ ಚಪ್ಪಾಳೆ!

"ಇನ್ನು ಮೇಲೆ ಎಲ್ಲಾ ಕಂಪ್ಯೂಟರು! ಆ ಗುಂಡಿ ಒತ್ತಿದ್ದೇ ತಡ, ಹಳೇ ರೆಕಾರ್ಡು ಪೂರ್ತಿ ಅಳಿಸಿಹೋಯ್ತು. ಹಳೇ ದನಿಯವರೇ ಬಂದು ಹೊಸ ದನಿಗೆ ಚಾಲನೆ ಕೊಟ್ಟದ್ದು ನಮ್ಮ ಭಾಗ್ಯ," ಎಂದರು ಮ್ಯಾನೇಜರು.

ಕಾವಲುಗಾರ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟುತ್ತ, "ಈಗ ನೋಡಿ, ಎಷ್ಟು ಸ್ಪಷ್ಟ!" ಎಂದ.

ಗುಮಾಸ್ತರು ಬಾಯಿ ತೆರೆದರು. ಮೈಕಿನವನು ವೈರು ಸುತ್ತಿಕೊಳ್ಳುತ್ತಿದ್ದ. ವಕೀಲರು ಅವರ ಬೆನ್ನು ತಟ್ಟಿ, "ನೋಡಿದ್ರಾ? ನೀವು ಬದುಕಿರುವಾಗ್ಲೇ ಮುಗಿಸ್ಬಿಟ್ಟೆ!" ಎಂದು ಹಲ್ಲು ಕಿರಿದರು.

ಜನ ಚದುರಿದ ಮೇಲೂ ಗುಮಾಸ್ತರು ಬೆಂಚಿನ ಮೇಲೆ ಕೂತೇ ಇದ್ದರು. ಹೆಂಡತಿ ಪಕ್ಕದಲ್ಲಿ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡರು. ಇಷ್ಟು ವರ್ಷದಲ್ಲಿ ಆಕೆ ಅವರಿಗೆ ಕಾಣುವಂತೆ ಅತ್ತದ್ದು ಅದೇ ಮೊದಲು.

"ನಾನಿನ್ನೂ ಇದ್ದೀನಲ್ಲೇ," ಎಂದರು ಗುಮಾಸ್ತರು.

"ಅದು ಗೊತ್ತು. ಏಳಿ, ನಮ್ಮ ಬಸ್ಸು ಬಂತಂತೆ."

"ಯಾರು ಹೇಳಿದ್ರು?"

ಹೆಂಡತಿ ಮೇಲೆ ನೋಡಿದರು. "ಅವಳು."

ಗುಮಾಸ್ತರು ಹೂಗುಚ್ಛಗಳನ್ನು ಎತ್ತಿಕೊಂಡು ಅವಳು ಹೇಳಿದ ಅಂಕಣಕ್ಕೆ ನಡೆದರು.